ಅವರೆ ಹೂ ಬಿಡದ ವರ್ಷ

ನೀರಲ್ಲಿ ನೆನೆದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಸಕ್ಕನೆ ಹಾರುತ್ತದೆ. ಅದು ಬಟ್ಟಲಿಗೇ ಹಾರಬೇಕೆಂಬ ನಿಯಮವೇನೂ ಇಲ್ಲ. ನನ್ನ ಕೈಯಿಂದ ಹಾರಿದ ಬೇಳೆ ಟೀವಿಯ ಹಿಂದಕ್ಕೆ ಹೋಗಿದೆ, ಸೋಫಾದ ಸಂದಿ ಸೇರಿದೆ, ಒಮ್ಮೆ ಮನೆಗೆ ಬಂದಿದ್ದ ನಾದಿನಿಯ ಬೀಗರ ಕಾಫಿ ಲೋಟಕ್ಕೂ ಬಿದ್ದಿದೆ. ಪಾಪ, ಸಂಕೋಚದವರು. ಹಾಗೇ ಕುಡಿದುಬಿಟ್ಟರು.

ಬೇಳೆ ಹಿತಕಲು ಕೂತಾಗ ಕೆಳಗೊಂದು ಹಳೆಯ ಪೇಪರ್ ಹಾಸಿಕೊಳ್ಳುವುದು ಎಲ್ಲ ಮನೆಗಳ ಪದ್ಧತಿ. ನನಗೆ ಅದರ ಜೊತೆಗೊಂದು ಚಟವೂ ಇದೆ. ಹಾಸಿದ ಪೇಪರನ್ನು ಓದದೆ ಇರಲಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು ನಾನು. ಅಕ್ಷರ ಕಂಡರೆ ಈಗಲೂ ಕೈ ಕೆಂಪು ಪೆನ್ನು ಹುಡುಕುತ್ತದೆ. ಮೊನ್ನೆ ಹಾಗೆ ಕೂತಾಗ ಸಿಕ್ಕಿದ್ದು ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಯಾರೋ ಬರೆದ ಲೇಖನ. ಸೂರ್ಯನ ಏರಿಳಿತ, ಜ್ವಾಲಾಮುಖಿ, ಸಮುದ್ರದೊಳಗಿನ ಬಿಸಿನೀರಿನ ಓಡಾಟ, ಹೀಗೆ ಪ್ರಕೃತಿಯ ಕಾರಣಗಳನ್ನೆಲ್ಲ ವಿವರವಾಗಿ ಹೇಳಿ, ಕೊನೆಯಲ್ಲಿ ‘ಆದರೆ’ ಎಂದು ಬರೆದು ಲೇಖಕರು ಮುಂದಿನ ಪುಟಕ್ಕೆ ಹೋಗಿದ್ದರು. ಆ ಪುಟ ಬೆಳಿಗ್ಗೆಯೇ ಅವರೆಸಿಪ್ಪೆ ಹೊತ್ತುಕೊಂಡು ಎದುರು ಮನೆಯ ಹಸುವಿನ ಹತ್ತಿರ ಹೋಗಿತ್ತು. ಹಸು ಸಿಪ್ಪೆಯ ಜೊತೆಗೆ ವಾದದ ಉಳಿದರ್ಧವನ್ನೂ ಮೇಯ್ದಿರಬೇಕು. ನಾನು ಆ ‘ಆದರೆ’ಯನ್ನೇ ನೋಡುತ್ತ ಕೂತೆ. ಹೋದ ವರ್ಷ ನಮ್ಮ ಮನೆಯಲ್ಲಿ ಅದೊಂದು ಮಾತಿನ ಹಿಂದೆ ಮುಂದೆ ನಡೆದದ್ದು ಸಣ್ಣ ರಾಮಾಯಣವಲ್ಲ.

ನಮ್ಮ ಮನೆ ಇರುವುದು ಹುಣಸಮಾರನಹಳ್ಳಿಯ ಪಕ್ಕದ ಒಂದು ಬಡಾವಣೆಯಲ್ಲಿ. ಬಡಾವಣೆ ಅಂತ ಈಗ ಕರೆಯುತ್ತೇವೆ, ಮೊದಲು ಅದು ನಮ್ಮ ಮಾವನವರ ರಾಗಿ ಹೊಲ. ಅದೆಲ್ಲ ಸೈಟುಗಳಾಗಿ ಹೋದ ಮೇಲೆ ನಮ್ಮ ಮನೆಯ ಮಗ್ಗುಲಲ್ಲಿ ಒಂದು ಮೂರುಮೂಲೆ ಜಾಗ ಉಳಿಯಿತು. ಯಾವ ಅಳತೆಗೂ ಸಿಗದ ಅದನ್ನು ಯಾರೂ ಕೊಳ್ಳಲಿಲ್ಲ. ನಮ್ಮತ್ತೆಗೆ ಈಗ ಅದೇ ಹೊಲ. ಎಂಬತ್ತು ದಾಟಿರುವ ಅತ್ತೆ ಪ್ರತಿ ಶ್ರಾವಣದಲ್ಲಿ ಸೆರಗು ಸಿಕ್ಕಿಸಿಕೊಂಡು ಅಲ್ಲಿ ಅವರೆ ಹಾಕುತ್ತಾರೆ. ಸುತ್ತಲಿನ ಅಪಾರ್ಟ್‌ಮೆಂಟಿನವರು ಬಾಲ್ಕನಿಯಿಂದ ನೋಡುತ್ತಾರೆ.

ಎಂಥ ಅವರೆ ಅಂದುಕೊಂಡಿರಿ? ವರ್ಷವಿಡೀ ಮಾರ್ಕೆಟ್ಟಿಗೆ ಬರುತ್ತದಲ್ಲ, ಆ ಕುಳ್ಳ ಗಿಡದ ಅವರೆಯಲ್ಲ. ಇದು ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಹಾಕುತ್ತಿದ್ದ ಹಳೆಯ ಅವರೆ. ದೀಪಾವಳಿಯ ಸುತ್ತ ಹೂ ಬಿಟ್ಟು, ಚಳಿಗೆ ಮೈಯೊಡ್ಡಿ, ಇಬ್ಬನಿ ಕುಡಿದು, ಸಂಕ್ರಾಂತಿಯ ಹೊತ್ತಿಗೆ ಕಾಯಾಗುವುದು. ಕಾಯಿ ಮುಟ್ಟಿದರೆ ಕೈಗೆ ಎಣ್ಣೆಯ ಹಾಗೆ ಅಂಟುವ ಸೊಗಡು ಎರಡು ಸಲ ಸೋಪು ಹಾಕಿದರೂ ಹೋಗುವುದಿಲ್ಲ. ಹೋಗಬಾರದು ಕೂಡ. ನನ್ನ ಕೆಲಸದ ದಿನಗಳಲ್ಲಿ ಜನವರಿ ತಿಂಗಳ ಉತ್ತರಪತ್ರಿಕೆಗಳೆಲ್ಲ ಅವರೆಯ ವಾಸನೆ ಹೊಡೆಯುತ್ತಿದ್ದವು.

ಅತ್ತೆಯ ತವರು ಗೊರಗುಂಟೆಪಾಳ್ಯ. ಇವತ್ತು ಲಾರಿಗಳು ಒಂದರ ಬೆನ್ನಿಗೊಂದು ಮೂಗು ತಾಗಿಸಿಕೊಂಡು ನಿಲ್ಲುವ ಆ ಜಂಕ್ಷನ್ನಿನ ಆಸುಪಾಸಿನಲ್ಲೇ ಅವರಪ್ಪನ ಹೊಲವಿತ್ತಂತೆ. ಮದುವೆಯಾಗಿ ಬರುವಾಗ ಅವರಮ್ಮ ಸೆರಗಿನ ತುದಿಗೆ ಎರಡು ಹಿಡಿ ಅವರೆ ಬೀಜ ಕಟ್ಟಿ ಕಳಿಸಿದ್ದರಂತೆ. ಹೊಲ ಹೋಯಿತು, ಅಮ್ಮ ಹೋದರು, ಬೀಜ ಮಾತ್ರ ಬೂದಿ ಬೆರೆಸಿದ ಮಡಕೆಯೊಳಗೆ ವರ್ಷದಿಂದ ವರ್ಷಕ್ಕೆ ದಾಟುತ್ತ ಬಂತು. ಅತ್ತೆಗೆ ಅದರಲ್ಲೊಂದು ಕಟ್ಟುನಿಟ್ಟಿನ ಪದ್ಧತಿ. ಅರ್ಧ ಬಿತ್ತಬೇಕು, ಅರ್ಧ ಮಡಕೆಯಲ್ಲಿ ಉಳಿಸಬೇಕು. ಆಚೆ ವರ್ಷ ಕಾಯಿ ಬಲಿಯುವ ಹೊತ್ತಿಗೆ ಎಲ್ಲಿಂದಲೋ ಒಂದು ವಾರ ಜಡಿಮಳೆ ಬಂದು ಗಿಡಗಳೆಲ್ಲ ಬುಡಸಮೇತ ಕೊಳೆತುಹೋದವು. ಉಳಿದದ್ದು ಮಡಕೆಯ ಅರ್ಧ. ಅವರೆ ಬೀಜ ಹಳತಾದಷ್ಟೂ ಹುಳು ಹಿಡಿಯುತ್ತದೆ, ಮೊಳೆಯುವುದೂ ಕಷ್ಟ. ಹಾಗಾಗಿ ಹೋದ ವರ್ಷದ ಶ್ರಾವಣದಲ್ಲಿ ಅತ್ತೆ ಮಡಕೆಯನ್ನು ಮೊರಕ್ಕೆ ಬೋರಲು ಹಾಕಿ, ಬೂದಿ ಕೇರಿ, ಇದ್ದಷ್ಟನ್ನೂ ಬಿತ್ತಿಬಿಟ್ಟರು. ಖಾಲಿ ಮಡಕೆಯನ್ನು ತೊಳೆದು ಒಲೆಯ ಪಕ್ಕ ಇಟ್ಟು, “ಈ ಸಲ ಬರ್ನಿಲ್ಲ ಅಂದ್ರೆ ಮುಗೀತು ಕಣಮ್ಮ, ನಮ್ಮವ್ವನ್ ಅವರೆ” ಅಂದರು. ಅತ್ತೆ ಅಳುವವರಲ್ಲ. ಅಂದು ಮಾತ್ರ ಊಟದ ಹೊತ್ತಿಗೆ ಹಸಿವಿಲ್ಲ ಅಂದರು.

ಅದೇ ಶ್ರಾವಣದಲ್ಲಿ ನನ್ನ ನಿವೃತ್ತ ಜೀವನದ ಏಕೈಕ ಸಾಧನೆಯೂ ನಡೆಯಿತು. ನಮ್ಮ ಬೀದಿಯ ಮೂಲೆ ಸಂಜೆಯಾದರೆ ಕಗ್ಗತ್ತಲು. ಬಡಾವಣೆಯ ಸಂಘಕ್ಕೆ ನಾನು ಕಾರ್ಯದರ್ಶಿ, ಅಂದರೆ ಬೇರೆ ಯಾರೂ ಒಪ್ಪಲಿಲ್ಲ. ಬೀದಿದೀಪ ಬೇಕೆಂದು ನಾಲ್ಕು ಅರ್ಜಿ ಬರೆದೆ. ನಾಲ್ಕನೆಯದಕ್ಕೆ ನಕ್ಷೆಯನ್ನೂ ಬರೆದು, ಉತ್ತರ ದಿಕ್ಕು ತೋರಿಸಿ, ಬಾಣದ ಗುರುತು ಹಾಕಿ ಲಗತ್ತಿಸಿದೆ. ಭೂಗೋಳದವಳಲ್ಲವೇ. ನಕ್ಷೆಯಲ್ಲಿ ತೋರಿಸಿದ ಜಾಗದಲ್ಲೇ ಕಂಬ ಬಂತು, ಅದರ ನೆತ್ತಿಯ ಮೇಲೆ ಹಾಲಿನಂಥ ಬೆಳಕಿನ ದೊಡ್ಡ ಎಲ್‌ಇಡಿ ದೀಪ ಬಂತು. ಸಂಘದವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಆ ಶಾಲನ್ನು ಒಂದು ವಾರ ಮಡಿಸದೆ ಕುರ್ಚಿಯ ಬೆನ್ನಿಗೇ ಬಿಟ್ಟಿದ್ದೆ, ಬಂದವರು ಕೇಳಲಿ ಅಂತ. ಯಾರೂ ಕೇಳಲಿಲ್ಲ, ನಾನೇ ಹೇಳಿದೆ.

ಬೀಜ ಮೊಳೆತವು. ಮೊಳೆಯದಿದ್ದವು ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟು. ಮಳೆ ಹದವಾಗಿ ಬಂತು. ಗಿಡಗಳು ಮೊಣಕಾಲಿಗೆ ಬಂದವು, ಸೊಂಟಕ್ಕೆ ಬಂದವು, ಬಳ್ಳಿ ಬಿಟ್ಟು ಬೇಲಿ ಹತ್ತಿದವು. ಅತ್ತೆಯ ಮುಖ ಅರಳಿತು. ದೀಪಾವಳಿ ಬಂತು. ಹೂವಿಲ್ಲ. ತುಳಸಿ ಹಬ್ಬ ಬಂತು. ಹೂವಿಲ್ಲ. ಎಲೆ ಮಾತ್ರ ಎಮ್ಮೆ ಮೇಯಿಸುವಷ್ಟು. ಬೆಳಿಗ್ಗೆ ಎದ್ದು ಅತ್ತೆ ಮೊದಲು ಹೋಗುತ್ತಿದ್ದುದು ಅಲ್ಲಿಗೆ. ಒಂದೊಂದು ತುದಿಯನ್ನೂ ಬಗ್ಗಿಸಿ ನೋಡಿ, ಬಿಟ್ಟು ಒಳಗೆ ಬರುತ್ತಿದ್ದರು. ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಮನೆಯಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ಪ್ರತಿ ಭಾನುವಾರ ಚಿಕ್ಕಮಾವ ಬರುತ್ತಾರೆ. ನಮ್ಮ ಮಾವನವರ ತಮ್ಮ, ಹೆಸರು ಮುನಿರಾಜಪ್ಪ. ಒಂದು ಕಾಲಕ್ಕೆ ನೇಗಿಲು ಹಿಡಿದವರು, ಆಮೇಲೆ ಟ್ರ್ಯಾಕ್ಟರ್, ಆಮೇಲೆ ಲಾರಿ, ಈಗ ಯಲಹಂಕದ ಸುತ್ತ ಎರಡು ಮೂರು ಕಟ್ಟಡಗಳ ಯಜಮಾನರು. ಬಿಳಿ ಪಂಚೆ, ಕಿವಿಯಲ್ಲಿ ಹಿಯರಿಂಗ್ ಏಡ್. ತಮಗೆ ಬೇಡದ ಮಾತು ಬಂದಾಗ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಅವರ ಎದುರು ಪಕ್ಷ ನನ್ನ ಮಗಳು ಸಹನಾ, ಮತ್ತಿಕೆರೆಯ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದವಳು.

“ಹವಾಮಾನ ಕೆಟ್ಟೋಗಿದೆ ಅಜ್ಜಿ. ಚಳೀನೇ ಇಲ್ಲ, ಇಬ್ಬನೀನೇ ಇಲ್ಲ, ಹೂ ಎಲ್ಲಿಂದ ಬರುತ್ತೆ? ಗ್ಲೋಬಲ್ ವಾರ್ಮಿಂಗ್ ಅಂದ್ರೆ ಇದೇ” ಎಂದು ಅವಳು ತೀರ್ಪು ಕೊಟ್ಟಳು.

ಚಿಕ್ಕಮಾವ ಕಾಫಿ ಲೋಟ ಕೆಳಗಿಟ್ಟರು. “ಯಾವ್ ಕಾಲ್ದಲ್ಲಿ ಬಿಸ್ಲು ಇರ್ಲಿಲ್ಲ ಏಳು. ಸೂರ್ಯ ಒಂದೊಂದ್ ಕಿತ ಉರೀತಾನೆ, ಒಂದೊಂದ್ ಕಿತ ತಣ್ಣಗಾಯ್ತಾನೆ. ಸಂವತ್ಸರ ಅರವತ್ತು. ಅರವತ್ ವರ್ಷಕ್ಕೆ ಎಲ್ಲಾ ತಿರುಗಿ ಅಲ್ಲಿಗೇ ಬರ್ತದೆ. ಪ್ರಕೃತಿ ಆಟ ಇದು. ಮನುಷ್ಯಂದೇನೈತೆ ಇದ್ರಲ್ಲಿ?”

“ಸೂರ್ಯಂದು ಏನೂ ಇಲ್ಲ ಅಂತ ಯಾರ್ ಹೇಳಿದ್ರು ತಾತ? ಆದ್ರೆ ಈಗ ಇಷ್ಟು ಬೇಗ ಬಿಸಿಯಾಗ್ತಿರೋದು ಹೊಗೆಯಿಂದ. ಕಾರು, ಲಾರಿ, ಫ್ಯಾಕ್ಟರಿ, ಎಲ್ಲಾ ನಮ್ದೇ.”

“ನಾನ್ ಲಾರಿ ಮಾರಿ ಎಷ್ಟ್ ವರ್ಷ ಆಯ್ತು!” ಎಂದರು ಚಿಕ್ಕಮಾವ, ಭೂಮಿಯ ಬಿಸಿಗೆಲ್ಲ ಅವರ ಒಂದು ಲಾರಿಯೇ ಕಾರಣವೆಂದು ಯಾರೋ ದೂರು ಕೊಟ್ಟ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, “ಟೀಚರಮ್ಮ, ನೀನೇ ಏಳವ್ವ. ಸೂರ್ಯನೋ, ಮನುಷ್ಯನೋ?”

ನಾನು ಭಾನುವಾರದ ಮಟ್ಟಿಗೆ ಹೇಡಿ. “ಎರಡೂ ಇದೆ ಚಿಕ್ಕಮಾವ” ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟೆ. ಸೂರ್ಯ, ಜ್ವಾಲಾಮುಖಿ, ಸಮುದ್ರ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದವಳೇ ನಾನು. ಜ್ವಾಲಾಮುಖಿಗೆ ಕೆಂಪು ಸೀಮೆಸುಣ್ಣ ಇಡೀ ಒಂದು ಕಡ್ಡಿ ಖರ್ಚು ಮಾಡುತ್ತಿದ್ದೆ, ಆದ್ದರಿಂದ ಮಕ್ಕಳಿಗೆ ಅದೊಂದೇ ನೆನಪುಳಿಯುತ್ತಿತ್ತು. ಹವಾಮಾನದ ಮೇಲೆ ಪ್ರಭಾವ ಬೀರುವ ಅಂಶಗಳಾವುವು ಎಂದು ಕೇಳಿದ್ದಕ್ಕೆ ಒಬ್ಬಳು ‘ಸೂರ್ಯ, ಸಮುದ್ರ, ಬೆಟ್ಟ ಮತ್ತು ನಮ್ಮ ಟೀಚರ್’ ಎಂದು ಬರೆದಿದ್ದಳು. ನಾಲ್ಕನೆಯದಕ್ಕೆ ಅರ್ಧ ಅಂಕ ಕೊಟ್ಟೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ. ಪ್ರಕೃತಿಯ ಏರಿಳಿತ ಮೊದಲೂ ಇತ್ತು, ಈಗಲೂ ಇದೆ. ಈಗಿನ ಈ ಬಿಸಿ ಏರುತ್ತಿರುವುದು ಮಾತ್ರ ನಮ್ಮ ಹೊಗೆಯಿಂದಲೇ. ಅದನ್ನು ಚಿಕ್ಕಮಾವನ ಎದುರು ಹೇಳಿದರೆ ಹಿಯರಿಂಗ್ ಏಡ್ ಜೇಬಿಗೆ ಹೋಗುತ್ತಿತ್ತು, ಅಷ್ಟೆ.

ಚಳಿಯ ಮಾತು ಬಂದರೆ ನಾನು ಮತ್ತಿಕೆರೆಗೆ ಹೋಗಿಬಿಡುತ್ತೇನೆ. ನಾನು ಬೆಳೆದದ್ದು ಅಲ್ಲಿ. ನಮ್ಮ ಮನೆಯ ಥರ್ಮಾಮೀಟರು ಕೊಬ್ಬರಿ ಎಣ್ಣೆಯ ಬಾಟಲಿ. ಮಾರ್ಗಶಿರದ ಬೆಳಿಗ್ಗೆ ಅದು ಬಿಳಿಯ ಕಲ್ಲಾಗಿರುತ್ತಿತ್ತು. ಅಮ್ಮ ಅದನ್ನು ಬಚ್ಚಲ ಒಲೆಯ ಪಕ್ಕ ಇಟ್ಟು ಕರಗಿಸಿ, ನಮ್ಮ ತಲೆಗೆ ಬಡಿದು, ಎರಡು ಜಡೆ ಹಾಕುತ್ತಿದ್ದರು. ಪೂರ್ತಿ ಕರಗುವ ಮೊದಲೇ ಸ್ಕೂಲಿಗೆ ಹೊತ್ತಾಗುತ್ತಿದ್ದರಿಂದ ನಾವು ಮೂವರು ಅಕ್ಕತಂಗಿಯರು ಬೈತಲೆಯಲ್ಲಿ ಬಿಳಿ ಎಣ್ಣೆಗಡ್ಡೆ ಇಟ್ಟುಕೊಂಡೇ ಪ್ರಾರ್ಥನೆಗೆ ನಿಲ್ಲುತ್ತಿದ್ದೆವು. ಬಿಸಿಲು ಬಿದ್ದ ಮೇಲೆ ಅದು ಹಣೆಯ ಮೇಲೆ ಇಳಿಯುತ್ತಿತ್ತು. ಮನೆಯಲ್ಲಿ ಫ್ಯಾನ್ ಇರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ. ಬೇಸಿಗೆಯಲ್ಲಿ ಬಳ್ಳಾರಿಯಿಂದ ಬರುತ್ತಿದ್ದ ಸೋದರಮಾವ ನಮ್ಮ ಪಡಸಾಲೆಯ ನೆಲದ ಮೇಲೆ ಅಂಗಾತ ಮಲಗಿ, ನೀವು ಪುಣ್ಯವಂತರು ಕಣ್ರಪ್ಪ ಎನ್ನುತ್ತಿದ್ದರು. ಆ ತಂಪನ್ನು ನಾವೇ ಸಂಪಾದಿಸಿದವರ ಹಾಗೆ ನಾವು ಬೀಗುತ್ತಿದ್ದೆವು. ಈಗ ನಮ್ಮ ಕೊಬ್ಬರಿ ಎಣ್ಣೆ ಡಿಸೆಂಬರಿನಲ್ಲೂ ನೀರಿನ ಹಾಗೆ ಸುರಿಯುತ್ತದೆ. ಆದ್ದರಿಂದ ಮಗಳು ಚಳಿಯಿಲ್ಲ ಅಂದಾಗ ನನಗೂ ಅದೇ ಸರಿಯೆನಿಸಿತು, ನನ್ನ ಕೂದಲೇ ಸಾಕ್ಷಿ ಎಂದುಕೊಂಡೆ.

ಮಾರ್ಗಶಿರ ಹುಟ್ಟಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಅವರೆ ಗಿಡಗಳ ಕಡೆಯಿಂದ ಕೂಗಿದರು. “ಏ ಬಾ ಇಲ್ಲಿ, ಬಿರ್ನೆ ಬಾ!”

ಓಡಿದೆ. ಮೂರುಮೂಲೆ ಜಾಗದ ಒಂದು ತುದಿಯಲ್ಲಿ ನೆಲದ ಮೇಲೆ ಕಟ್ಟಿದ ಇಟ್ಟಿಗೆಯ ನೀರಿನ ತೊಟ್ಟಿಯಿದೆ, ಆಳೆತ್ತರದ್ದು. ಅದರ ಹಿಂದೆ ಒಂದು ಗಿಡ. ಆ ಗಿಡದ ತುದಿಯಲ್ಲಿ ಬಿಳಿಯ ಹೂಗೊನೆ, ಒಂದಲ್ಲ, ನಾಲ್ಕು. ಬೇಲಿಯ ಉದ್ದಕ್ಕೂ ಉಳಿದ ಗಿಡಗಳೆಲ್ಲ ಎಂದಿನಂತೆ ಬರಿ ಎಲೆ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. “ಮಣ್ಣು ಅದೇ. ನೀರು ಅದೇ. ಬೀಜಾನೂ ಅದೇ ಮಡಕೇದು. ಚಳಿ ಇಲ್ದಿದ್ರೆ ಇದಕ್ಕೂ ಇಲ್ಲ, ಅಲ್ವಾ? ಇದ್ಯಾಕೆ ಊವು ಬಿಡ್ತು?”

ನಾನು ತಲೆ ಕೆರೆದುಕೊಂಡೆ. ಅತ್ತೆ ಸುಮ್ಮನಾಗಲಿಲ್ಲ. ಆ ದಿನವಿಡೀ ಕೆಲಸದ ನಡುನಡುವೆ ಅಲ್ಲಿಗೆ ಹೋಗಿ ಬಂದರು. ಬಿಸಿಲು ಯಾವಾಗ ಎಲ್ಲಿ ಬೀಳುತ್ತದೆ, ಗಾಳಿ ಎಲ್ಲಿಂದ ಬರುತ್ತದೆ, ಎಲ್ಲ ನೋಡಿದರು. ಸಂಜೆ ದನ ಕಟ್ಟುವ ಹೊತ್ತಿಗೆ ನಾನೂ ಅವರ ಜೊತೆ ನಿಂತಿದ್ದೆ. ಬೆಳಕು ಮಂಕಾಯಿತು. ಆಗ ಮೂಲೆಯ ಕಂಬದ ದೀಪ ಟಪ್ಪನೆ ಹತ್ತಿಕೊಂಡಿತು. ಇಡೀ ಜಾಗ ಮದುವೆಮನೆಯ ಹಾಗೆ ಬೆಳ್ಳಗಾಯಿತು. ಒಂದೊಂದು ಎಲೆಯ ನರವೂ ಕಾಣುತ್ತಿತ್ತು. ತೊಟ್ಟಿಯ ಹಿಂದೆ ಮಾತ್ರ ಕತ್ತಲು. ಆ ಕತ್ತಲಲ್ಲಿ ನಾಲ್ಕು ಹೂಗೊನೆಗಳು.

ಮೂವತ್ತು ವರ್ಷ ಮೇಜಿನ ಮೇಲೆ ಗೋಲ ಇಟ್ಟು, ಟಾರ್ಚ್ ಹಿಡಿದು, ಡಿಸೆಂಬರಿನಲ್ಲಿ ಹಗಲು ಚಿಕ್ಕದು ಇರುಳು ದೊಡ್ಡದು ಎಂದು ಮಕ್ಕಳಿಗೆ ತೋರಿಸಿದವಳು ನಾನು. ಕೆಲವು ಗಿಡಗಳು ಇರುಳು ಉದ್ದವಾಯಿತೇ ಎಂದು ನೋಡಿಕೊಂಡೇ ಹೂ ಬಿಡುತ್ತವೆ ಎಂಬುದನ್ನು ಪುಸ್ತಕದ ಮೂಲೆಯಲ್ಲಿದ್ದ ಚೌಕದೊಳಗಿನಿಂದ ಓದಿಯೂ ಹೇಳಿದ್ದೆ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರೆ. ನನ್ನ ದೀಪದ ಬುಡದಲ್ಲಿ ಕತ್ತಲೇ ಇರಲಿಲ್ಲ, ಅದೇ ತೊಂದರೆಯಾಗಿದ್ದು. ಶ್ರಾವಣದಿಂದ ಆ ಗಿಡಗಳು ರಾತ್ರಿ ಯಾವಾಗ ಬಂದೀತೆಂದು ಕಾಯುತ್ತಲೇ ಇದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಆಕಾಶವೇ ಡೊಂಕು ಅಂದುಬಿಟ್ಟಿದ್ದೆವು.

“ಅತ್ತೆ, ಚಳಿಯದಲ್ಲ ತಪ್ಪು. ಈ ಲೈಟಿಂದು. ಹಾಕ್ಸಿದ್ದು ನಾನು” ಎಂದೆ. ಅವರ ಅಮ್ಮನ ಬೀಜವನ್ನು ನಾಲ್ಕು ಅರ್ಜಿ ಬರೆದು, ನಕ್ಷೆ ಸಮೇತ ಕೊಂದಿದ್ದೆ. ಬೈದರೆ ಬೈಸಿಕೊಳ್ಳೋಣ ಎಂದು ತಲೆ ತಗ್ಗಿಸಿ ನಿಂತೆ.

ಅತ್ತೆ ದೀಪವನ್ನು ನೋಡಿದರು, ಗಿಡಗಳನ್ನು ನೋಡಿದರು, ಮತ್ತೆ ದೀಪವನ್ನು ನೋಡಿದರು. ಆಮೇಲೆ ನಗತೊಡಗಿದರು. ಎಷ್ಟೋ ದಿನಗಳಿಂದ ನಾನು ಆ ನಗು ಕೇಳಿರಲಿಲ್ಲ.

“ಸದ್ಯ! ನಾವೇ ಮಾಡಿರಾದು!” ಎಂದರು. “ಸೂರ್ಯಂದೇ ತಪ್ಪಾಗಿದ್ರೆ ನಾನೇನ್ ಮಾಡ್ಬೇಕಾಗಿತ್ತು? ಸೂರ್ಯಂಗೆ ಗೋಣಿಚೀಲ ಕಟ್ಟಕ್ಕಾಯ್ತದಾ? ಇದಕ್ಕಾದ್ರೆ ಕಟ್ಬೋದು.”

ತಪ್ಪು ನಮ್ಮದು ಎಂದು ಗೊತ್ತಾದರೆ ಹೀಗೂ ಸಂತೋಷಪಡಬಹುದು ಎಂದು ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ದೀಪ ಆರಿಸುವಂತೆ ಐದನೆಯ ಅರ್ಜಿ ಬರೆಯುವುದು ಸುಲಭವಿರಲಿಲ್ಲ. ಶಾಲು ಹೊದ್ದವಳು ಯಾವ ಮುಖ ಇಟ್ಟುಕೊಂಡು ಬರೆಯಲಿ? ಕತ್ತಲಾದರೆ ಕೆಲಸದಿಂದ ಬರುವ ಹೆಣ್ಣುಮಕ್ಕಳಿಗೆ ಕಷ್ಟವೆನ್ನುವುದೂ ನಿಜ. ಹಾಗಾಗಿ ಬೀದಿಗೆ ಬೆಳಕು, ಅವರೆಗೆ ಕತ್ತಲು ಎಂದು ಮನೆಯಲ್ಲೇ ತೀರ್ಮಾನವಾಯಿತು. ಸುದ್ದಿ ಕೇಳಿ ಚಿಕ್ಕಮಾವ ಭಾನುವಾರಕ್ಕೂ ಕಾಯದೆ ಬಂದರು. ಬಂದವರ ಮುಖದಲ್ಲಿ ಗೆಲುವು.

“ನೋಡ್ದಾ ಮಗಾ? ಗ್ಲೋಬಲ್ ವಾರ್ಮಿಂಗೂ ಇಲ್ಲ, ಎಂತದೂ ಇಲ್ಲ.”

“ಹಾಗಲ್ಲ ತಾತ. ಅವರೆ ವಿಷಯದಲ್ಲಿ ನಾನು ತಪ್ಪು, ಒಪ್ಕೋತೀನಿ. ಅಷ್ಟಕ್ಕೇ ಬಿಸಿಯಾಗ್ತಿರೋದು ಸುಳ್ಳಾಗಲ್ಲ. ಅದೂ ಅಲ್ದೆ, ಲೈಟ್ ಹಾಕಿದ್ದು ಸೂರ್ಯಾನಾ?” ಎಂದಳು ಸಹನಾ.

ಚಿಕ್ಕಮಾವ ಕಿವಿಯ ಕಡೆ ಕೈ ಎತ್ತಿದರು. ಅಷ್ಟರಲ್ಲಿ ಅತ್ತೆ, “ಮುನಿರಾಜ, ವಾದ ಆಮೇಲ್ ಮಾಡು. ನಿನ್ ಕಟ್ಟಡದ್ ತಾವ ಗಳ ಇದ್ರೆ ತತ್ತಾ” ಅಂದರು. ಎತ್ತಿದ ಕೈ ಕೆಳಗಿಳಿಯಿತು. ಅತ್ತಿಗೆಯ ಮಾತನ್ನು ಚಿಕ್ಕಮಾವ ಇವತ್ತಿಗೂ ಮೀರಿದವರಲ್ಲ.

ಮಾರನೆಯ ದಿನ ಹತ್ತು ಸರ್ವೆಮರದ ಗಳ ಬಂದವು. ಅತ್ತೆಯೂ ನಾನೂ ಅಂಗಳದಲ್ಲಿ ಕೂತು ಗೋಣಿಚೀಲಗಳನ್ನು ಬಿಚ್ಚಿ, ದಬ್ಬಣಕ್ಕೆ ಹುರಿ ಪೋಣಿಸಿ, ಎರಡು ಪದರ ಮಾಡಿ ಹೊಲಿದೆವು. ಕಂಬದ ಕಡೆಗೊಂದು ಗೋಣಿಯ ಗೋಡೆ, ಮೇಲೊಂದು ಇಳಿಜಾರು ಹೊದಿಕೆ. ಹಗಲೆಲ್ಲ ಸುತ್ತಿ ಮೇಲೆ ಕಟ್ಟಿಡಬೇಕು, ದೀಪ ಹತ್ತುವ ಮೊದಲು ಇಳಿಸಬೇಕು, ಬೆಳಿಗ್ಗೆ ಬಿಸಿಲು ಬರುವ ಹೊತ್ತಿಗೆ ಎತ್ತಬೇಕು. ಒಂದು ದಿನವೂ ತಪ್ಪುವಂತಿಲ್ಲ. ಬೆಳಗಿನ ಪಾಳಿ ನನ್ನದು. ಸಂಜೆಯ ಪಾಳಿಗೆ ಚಿಕ್ಕಮಾವ ತಾವಾಗಿಯೇ ಬರತೊಡಗಿದರು, ಯಲಹಂಕದಿಂದ ಸ್ಕೂಟರಿನಲ್ಲಿ, ಎದೆ ಮುಚ್ಚುವ ಸ್ವೆಟರ್ ಹಾಕಿಕೊಂಡು. ದಾರಿಯಲ್ಲಿ ವಾಕಿಂಗ್ ಹೋಗುತ್ತಿದ್ದ ಅಪಾರ್ಟ್‌ಮೆಂಟಿನ ಒಬ್ಬಾಕೆ ನಿಂತು, “ಏನ್ ಆಂಟಿ, ನಾಟಕ ಇದೆಯಾ? ಪರದೆ ಕಟ್ತಿದೀರಾ?” ಎಂದು ಕೇಳಿದಳು. “ಅವರೆಕಾಯಿ ಮಲಗಿಸ್ತಿದೀವಮ್ಮ” ಎಂದೆ. ಆಕೆ ಫೋಟೋ ತೆಗೆದುಕೊಂಡು ಹೋದಳು.

ಹಾಗೆ ಪರದೆ ಇಳಿಸುತ್ತಿದ್ದಾಗ ಒಂದು ಸಂಜೆ ಚಿಕ್ಕಮಾವನಿಗೂ ನನಗೂ ಒಂದು ಮಾತಾಯಿತು. ಅತ್ತೆ ಒಳಗಿದ್ದರು. ನಾನು ಹುರಿಯ ಗಂಟು ಹಾಕುತ್ತ, “ನೀವು ಪ್ರಕೃತಿ ಆಟ ಅಂತೀರಿ, ಮತ್ತೆ ದಿನಾ ಬಂದು ಕಷ್ಟಪಡ್ತೀರಲ್ಲ ಚಿಕ್ಕಮಾವ” ಎಂದು ಚುಡಾಯಿಸಿದೆ.

ಅವರು ಗೋಣಿಯ ಅಂಚನ್ನು ಸರಿಮಾಡುತ್ತಲೇ ಹೇಳಿದರು. “ನಮ್ ಊರ್ ಇಂದ್ಗಡೆ ಒಂದ್ ನೀರಿನ್ ಕುಂಟೆ ಇತ್ತು, ಗೊತ್ತಾ ನಿಂಗೆ? ನೀನ್ ಮದ್ವೆ ಆಗಿ ಬಂದಾಗ ಇನ್ನೂ ಇತ್ತೇನೋ. ದನ ನೀರ್ ಕುಡೀತಿದ್ವು. ಅದನ್ನ ಮುಚ್ಚಿ ಜಾಗ ಮಾಡ್ಕಂಡಿದ್ದು ನಾನೇ ಕಣಮ್ಮ. ನಂದೇ ಟ್ರ್ಯಾಕ್ಟರು, ನಾನೇ ಓಡ್ಸಿದ್ದು. ಮೂರ್ ದಿನ ಮಣ್ಣು ಸುರ್ದೆ. ಆವತ್ತಿಂದ ಆ ಕಡೆ ಬೋರು ಒಂದೊಂದಾಗಿ ಒಣಗ್ತಾ ಬಂದ್ವು. ಎಲ್ಲಾ ಸೂರ್ಯಂದು, ಎಲ್ಲಾ ಪ್ರಕೃತೀದು ಅಂದ್ಕಂಡ್ರೆ ನಿದ್ದೆ ಬರ್ತದಮ್ಮ. ನಂದೂ ಪಾಲು ಐತೆ ಅಂದ್ರೆ ಬರಲ್ಲ.”

ಇಷ್ಟು ವರ್ಷ ಭಾನುವಾರಗಳಂದು ನಾನು ಅವರ ಹಟ ನೋಡಿ ಒಳಗೊಳಗೇ ನಕ್ಕಿದ್ದೆ. ಆ ಹಟದ ಒಳಗೆ ಇಂಥದ್ದೊಂದು ಇದ್ದೀತೆಂದು ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಅವತ್ತಿನಿಂದ ಅವರ ಕಾಫಿಗೆ ಸಕ್ಕರೆ ಕಡಿಮೆ ಹಾಕುವ ಜಿಪುಣತನ ಬಿಟ್ಟೆ, ಡಾಕ್ಟರು ಬೇಡವೆಂದಿದ್ದರೂ.

ಹದಿನೈದು ದಿನವಾಯಿತು, ಏನೂ ಇಲ್ಲ. ಹದಿನಾರು, ಹದಿನೇಳು. ನಾನು ಬೆಳಿಗ್ಗೆ ಪರದೆ ಎತ್ತುವಾಗ ಗಿಡಗಳ ಕಡೆ ನೋಡುವುದನ್ನೇ ಬಿಟ್ಟಿದ್ದೆ, ಪರೀಕ್ಷೆಯ ಫಲಿತಾಂಶದ ಬೋರ್ಡಿನ ಮುಂದೆ ಕಣ್ಣು ಮುಚ್ಚಿ ನಿಲ್ಲುವ ಮಕ್ಕಳ ಹಾಗೆ. ಮೂರನೆಯ ವಾರ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಗೋಣಿ ಸುತ್ತುವಾಗ ಕೈಗೆ ಏನೋ ತಣ್ಣಗೆ ತಾಗಿತು. ಗೋಣಿಯ ಹೊರಮೈ ಒದ್ದೆಯಾಗಿತ್ತು. ಇಬ್ಬನಿ! ಆ ವರ್ಷದ ಮೊದಲ ಇಬ್ಬನಿ. ಬಗ್ಗಿ ನೋಡಿದರೆ ಬಳ್ಳಿಯ ತುದಿಗಳಲ್ಲಿ ಹಸಿರು ಮೊಗ್ಗಿನ ಸಣ್ಣ ಸಣ್ಣ ಗೊನೆಗಳು, ಎಣಿಸಲಾರದಷ್ಟು. ನಾನು ಅರವತ್ತು ದಾಟಿದ ಹೆಂಗಸು, ಸಂಘದ ಕಾರ್ಯದರ್ಶಿ, ನೈಟಿಯ ಮೇಲೆ ಟವೆಲ್ ಹೊದ್ದುಕೊಂಡು “ಅತ್ತೇ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ.

ಸಂಕ್ರಾಂತಿಗೆ ಕಾಯಿ ಬರಲಿಲ್ಲ, ತಡವಾಗಿತ್ತು. ಎಳ್ಳುಬೆಲ್ಲದ ಜೊತೆಗೆಂದು ಬೇಯಿಸುವ ಅವರೆಯನ್ನು ಅಂಗಡಿಯಿಂದ ತಂದೆವು. ಫೆಬ್ರವರಿಯಲ್ಲಿ ನಮ್ಮ ಕಾಯಿ ತುಂಬಿಕೊಂಡವು. ಮೂಸಿ ನೋಡಿದರೆ ಸೊಗಡು ಹಿಂದಿನಷ್ಟು ಇರಲಿಲ್ಲ, ಇರಲೇ ಇಲ್ಲವೆಂದೂ ಹೇಳಲಾರೆ. ಚಳಿ ಕಡಿಮೆಯಾಗಿರುವುದು ಸುಳ್ಳಲ್ಲವಲ್ಲ. ಒಂದು ದಿನದ ಸಾರಿಗಾದರೂ ಕಿತ್ತುಕೊಳ್ಳೋಣವೆಂದು ನಾನು ಕೈ ಹಾಕಿದರೆ ಅತ್ತೆ ಕೈಗೆ ಬಡಿದರು. ಒಂದು ಕಾಯನ್ನೂ ಕೀಳಲು ಬಿಡದೆ, ಎಲ್ಲವನ್ನೂ ಗಿಡದಲ್ಲೇ ಒಣಗಿಸಿದರು. ಶಿವರಾತ್ರಿ ಕಳೆದ ಮೇಲೆ ಬಡಿದು, ಕೇರಿ, ಮೊರದಲ್ಲಿ ಹರಡಿದಾಗ ಬಿತ್ತಿದ್ದರ ಎಷ್ಟೋ ಪಟ್ಟು ಬೀಜ ಇತ್ತು. ಅತ್ತೆ ಅದರಲ್ಲಿ ಕೈಯಾಡಿಸುತ್ತ ತುಂಬ ಹೊತ್ತು ಕೂತಿದ್ದರು.

ಅವತ್ತು ಭಾನುವಾರ. ಚಿಕ್ಕಮಾವ ಬಂದು ಎದುರಿಗೆ ಕೂತರು. ಅತ್ತೆ ಬೀಜವನ್ನು ಎರಡು ಪಾಲು ಮಾಡಿದರು. ಒಂದನ್ನು ಬೂದಿಯ ಜೊತೆ ಮಡಕೆಗೆ ತುಂಬಿದರು. ಇನ್ನೊಂದನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಚಿಕ್ಕಮಾವನ ಮುಂದೆ ಇಟ್ಟರು.

“ಇದ್ಯಾಕೆ ಅತ್ಗೆ?”

“ಒಂದೇ ತಾವ ಇಟ್ಕಂಡು ಎದೆ ಒಡ್ಕಂಡಿದ್ದು ಸಾಕು. ಈ ಸಲ ನೀನೂ ಆಕು. ಊರ್ ಇಂದ್ಗಡೆ ನಿನ್ ಜಾಗ ಖಾಲಿ ಬಿದ್ದೈತಲ್ಲ.”

ಚಿಕ್ಕಮಾವ ನನ್ನ ಕಡೆ ನೋಡಿದರು. ನಾನು ಯಾರಿಗೂ ಹೇಳಿಲ್ಲ ಎಂಬಂತೆ ತಲೆಯಾಡಿಸಿದೆ. ಹೇಳಬೇಕಾಗಿಯೂ ಇರಲಿಲ್ಲ. ಅದೇ ಊರಲ್ಲಿ ಅರವತ್ತು ವರ್ಷಕ್ಕೂ ಮೇಲೆ ಬಾಳಿದವರಿಗೆ ಕುಂಟೆ ಯಾರು ಮುಚ್ಚಿದರೆಂದು ಹೊರಗಿನವರು ಹೇಳಬೇಕೇ?

“ಆ ಜಾಗ್ದಲ್ಲಿ ಆಗಲ್ಲ ಅತ್ಗೆ” ಎಂದರು ಅವರು ಮೆಲ್ಲಗೆ. “ಮಳೆ ಬಂದ್ರೆ ಈಗ್ಲೂ ನೀರು ನಿಲ್ತದೆ. ಅದಕ್ಕೇ ಕಟ್ಟಡಾನೂ ಕಟ್ಲಿಲ್ಲ. ಅವರೆ ಕೊಳ್ತೋಗ್ತದೆ.”

“ನೀರು ನಿಲ್ಲೋ ತಾವ ಯಾರ್ ಆಕು ಅಂದ್ರು? ಕುಂಟೆ ಏರಿ ಮೇಲೆ ಆಕು.”

“ಏರಿ ಎಲ್ಲೈತೆ ಈಗ?”

ಅತ್ತೆ ಖಾಲಿ ಮೊರವನ್ನು ಗೋಡೆಗೆ ಒರಗಿಸಿ, ಸೀರೆಯ ಮೇಲಿನ ಹೊಟ್ಟು ಕೊಡವಿಕೊಂಡರು. ಚಿಕ್ಕಮಾವ ಬೀಜದ ಗಂಟನ್ನು ಎತ್ತಿ ಅಂಗೈಯಲ್ಲಿ ತೂಗಿದರು, ಕೆಳಗಿಡಲಿಲ್ಲ. ಹಿಯರಿಂಗ್ ಏಡ್ ಕಿವಿಯಲ್ಲೇ ಇತ್ತು. ನಾನು ತಂದಿಟ್ಟ ಕಾಫಿ ಆರಿ ಕೆನೆ ಕಟ್ಟುತ್ತಿತ್ತು. ಆಮೇಲೆ ಚಿಕ್ಕಮಾವ ಕೇಳಿದರು.

“ಎಷ್ಟು ಆಳ ಇತ್ತು ಅತ್ಗೆ ಆ ಕುಂಟೆ? ಮಳೆಗಾಲಕ್ಕೆ ಮುಂಚೆ ತೋಡ್ಸಕ್ಕೆ ಜೆಸಿಬಿಯವನಿಗೆ ಏಳ್ಬೇಕು. ನಂಗೆ ನೆನಪಿಲ್ಲ.”

“ನಂಗೈತೆ” ಎಂದರು ಅತ್ತೆ. ಎದ್ದು ನಿಂತು, ಕೈಯನ್ನು ತಮ್ಮ ಎದೆಯ ಮಟ್ಟಕ್ಕೆ ಅಡ್ಡ ಹಿಡಿದು ತೋರಿಸಿದರು. “ಇಲ್ಲೀಗಂಟ ಇತ್ತು ನೀರು, ಮುಳುಗ್ತಿದ್ದ ನಿನ್ನ ಎಳ್ಕಂಡ್ ಬರಕ್ಕೆ ನಾನ್ ಇಳ್ದಾಗ. ನಿಂಗೆ ಆಗ ಎಂಟು ವರ್ಷ.”